ಕಡಲಿಗೂ ಒಂದು ಕೋಡಿ ಇದೆ: ಗುಂಡ್ಲುಪೇಟೆಯವರಿಗೆ ಸರ್ಫಿಂಗ್ ಚರಿತ್ರೆ

ಭಾಗ 1

ಗುಂಡ್ಲುಪೇಟೆಯಲ್ಲಿ ಕೂತು ಸರ್ಫಿಂಗ್ ಚರಿತ್ರೆ ಬರೀತಿರೋದಕ್ಕೆ ನಗಬೇಡಿ. ನಮ್ಮ ಕಡೆ ಅಲೆ ಅಂದ್ರೆ ಜುಲೈ ಗಾಳಿಗೆ ತೂಗಾಡೋ ಸೂರ್ಯಕಾಂತಿ ಹೊಲ, ಅಷ್ಟೇ ಕಣ್ರಪ್ಪ, ಒಪ್ತೀನಿ. ಆದ್ರೆ ಒಂದ್ಸಲ ಮ್ಯಾಪ್ ತೆಗೆದು ನೋಡಿ. ಮೂಲೆಹೊಳೆ ಚೆಕ್‌ಪೋಸ್ಟ್ ದಾಟಿ, ಸುಲ್ತಾನ್ ಬತ್ತೇರಿ ಮೇಲೆ ಹೋಗಿ ವಯನಾಡಿನ ಘಾಟಿ ಇಳಿದರೆ ಕಲ್ಲಿಕೋಟೆಯ ಕಡಲು 150 ಕಿಲೋಮೀಟರ್ ಆಸುಪಾಸಿನಲ್ಲೇ ಇದೆ. ನಮಗೆ ಬೆಂಗಳೂರಿಗಿಂತ ಕಡಲೇ ಹತ್ತಿರ.

ಹತ್ತಿರ ಇದ್ದೂ ಗುರುತಿಲ್ಲ. ನಮ್ಮಲ್ಲಿ ಬಹಳ ಜನಕ್ಕೆ ಕಡಲು ಮೊದಲು ಕಾಣೋದು ಸ್ಕೂಲ್ ಟೂರಿನಲ್ಲಿ. ಡಿಸೆಂಬರ್ ತಿಂಗಳು, ರಾತ್ರಿಯೆಲ್ಲ ಬಸ್ಸು, ಒಂದು ದಿನ ಧರ್ಮಸ್ಥಳ, ಇನ್ನೊಂದು ದಿನ ಮುರುಡೇಶ್ವರ. ಬಸ್ ಇಳಿದ ತಕ್ಷಣ ಚಪ್ಪಲಿ ಕೈಯಲ್ಲಿ ಹಿಡಿದು ನೀರಿಗೆ ಓಟ. 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಹೀಗೇ ನೀರಿಗಿಳಿದ ನಾಲ್ಕು ಹುಡುಗೀರು ವಾಪಸ್ ಬರಲಿಲ್ಲ. ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ಮಕ್ಕಳು. ಕೋಲಾರವೂ ನಮ್ಮ ಚಾಮರಾಜನಗರದ ಥರಾನೇ: ಕಡಲಿಲ್ಲದ, ನೀರಿಗೆ ಬೋರ್‌ವೆಲ್ ನಂಬಿಕೊಂಡ ಜಿಲ್ಲೆ. ಆ ಸುದ್ದಿ ಓದಿದಾಗಿಂದ ಈ ಸರಣಿ ಬರೀಬೇಕು ಅಂತ ಇತ್ತು.

ಸರ್ಫಿಂಗ್‌ಗೂ ಇದಕ್ಕೂ ಏನು ಸಂಬಂಧ ಅಂತೀರಾ? ಹಲಗೆ ಮೇಲೆ ನಿಲ್ಲೋದು ಈ ವಿದ್ಯೆಯ ಕೊನೇ ಪಾಠ. ಅದಕ್ಕೂ ಮುಂಚಿನ ಪಾಠ ಎಲ್ಲಾನೂ ಒಂದೇ ವಿಷಯದ ಮೇಲೆ: ದಡಕ್ಕೆ ಬಂದ ನೀರು ಯಾವ ದಾರಿಯಲ್ಲಿ ವಾಪಸ್ ಹೋಗುತ್ತೆ? ಆ ದಾರಿ ಗೊತ್ತಿದ್ದವರು ಸಾವಿರ ವರ್ಷ ಅಲೆ ಜೊತೆ ಆಟ ಆಡಿದ್ದಾರೆ.

ಭಾಗ 2

ಕತೆ ಶುರುವಾಗೋದು ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ. ಹವಾಯಿ ಭಾಷೆಯಲ್ಲಿ ಸರ್ಫಿಂಗ್‌ಗೆ 'ಹೆಎ ನಲು' ಅಂತಾರೆ, ಅಲೆ ಮೇಲೆ ಜಾರೋದು ಅಂತ. ರಾಜರಿಗೆ, ನಾಯಕರಿಗೆ 'ಓಲೊ' ಅನ್ನೋ ಉದ್ದ ಹಲಗೆ, ಹದಿನೈದು ಅಡಿಗೂ ಮೀರಿದ್ದು. ಜನಸಾಮಾನ್ಯರಿಗೆ 'ಅಲಾಯಿಯ' ಅನ್ನೋ ತೆಳು ಹಲಗೆ. ಹೊನೊಲುಲುವಿನ ಬಿಷಪ್ ಮ್ಯೂಸಿಯಮ್ಮಿನಲ್ಲಿ ಅಂಥ ಹಳೇ ಹಲಗೆಗಳು ಇವತ್ತಿಗೂ ಇವೆ.

ಓಲೊ ಮಾಡ್ತಿದ್ದದ್ದು 'ವಿಲಿವಿಲಿ' ಮರದಿಂದ. ಸಸ್ಯಶಾಸ್ತ್ರದವರು ಅದನ್ನ ಎರಿತ್ರಿನ ಕುಲಕ್ಕೆ ಸೇರಿಸ್ತಾರೆ. ಅದೇ ಕುಲದ ನಮ್ಮ ಮರ ಯಾವುದು ಗೊತ್ತಾ? ಹಾಲವಾಣ! ಕೆಂಪು ಹೂ ಬಿಡೋ, ಮುಳ್ಳಿರೋ, ಎಲೆ ಅಂಬು ಮೆಣಸಿನ ಬಳ್ಳಿ ಹಬ್ಬಿಸೋಕೆ ತೋಟದಲ್ಲಿ ನೆಡೋ ಮರ. 'ಸೌದೆಗೂ ಆಗಲ್ಲ, ಬರೀ ಬೆಂಡು' ಅಂತ ನಮ್ಮಲ್ಲಿ ಬೈಸಿಕೊಳ್ಳುತ್ತಲ್ಲ, ಅದರ ದೊಡ್ಡಪ್ಪನ ಮಗ ಅಲ್ಲಿ ರಾಜರ ಹಲಗೆ ಆಗಿದ್ದ. ಬೆಂಡಾಗಿದ್ದಕ್ಕೇ ಆಗಿದ್ದು, ಹಗುರ ಇದ್ದರೆ ತಾನೇ ತೇಲೋದು.

ಇಂಗ್ಲಿಷರ ನಾವಿಕ ಜೇಮ್ಸ್ ಕುಕ್‌ನ ಹಡಗು ಹವಾಯಿಗೆ ಬಂದಿದ್ದು 1778ರಲ್ಲಿ. ಮಾರನೇ ವರ್ಷ ಅವನ ಜೊತೆಗಿದ್ದ ಅಧಿಕಾರಿ ಜೇಮ್ಸ್ ಕಿಂಗ್ ಅಲ್ಲಿಯವರ ಅಲೆ ಸವಾರಿ ನೋಡಿ ದಿನಚರಿಯಲ್ಲಿ ವಿವರವಾಗಿ ಬರೆದಿಟ್ಟ. ಆಮೇಲೆ ಹಡಗಿನ ಹಿಂದೆ ಹಡಗು, ಹಡಗಿನ ಜೊತೆ ಕಾಯಿಲೆ. ಲಕ್ಷಗಟ್ಟಲೆ ಇದ್ದ ಹವಾಯಿ ಮೂಲದ ಜನ 1890ರ ಜನಗಣತಿ ಹೊತ್ತಿಗೆ ನಲವತ್ತು ಸಾವಿರದ ಆಸುಪಾಸಿಗೆ ಇಳಿದಿದ್ದರು. 1820ರಲ್ಲಿ ಬಂದ ಮಿಷನರಿಗಳು ಸರ್ಫಿಂಗ್ ನಿಲ್ಲಿಸಿದರು ಅಂತ ಬಹಳ ಕಡೆ ಓದ್ತೀರಿ. ಅವರಿಗೆ ಅದು ಹಿಡಿಸ್ತಿರಲಿಲ್ಲ ಅನ್ನೋದು ನಿಜ. ನನ್ನ ಲೆಕ್ಕದಲ್ಲಿ ದೊಡ್ಡ ಕಾರಣ ಅದಲ್ಲ. ಕಲಿಸೋ ಅಜ್ಜ ಸತ್ತ, ಕಲಿಯೋ ಮೊಮ್ಮಗ ಕಬ್ಬಿನ ತೋಟದ ಕೂಲಿಗೆ ಹೋದ, ಹಲಗೆ ಮೂಲೆ ಸೇರಿತು. ಒಂದು ವಿದ್ಯೆ ಸಾಯೋದಕ್ಕೆ ಯಾರೂ ನಿಷೇಧ ಹಾಕಬೇಕಾಗಿಲ್ಲ.

ಭಾಗ 3

ಹಾಗಾದ್ರೆ ಉಳಿದಿದ್ದು ಹೇಗೆ? ನಮ್ಮ ವಯಸ್ಸಿನವರಿಂದ.

1885ರಲ್ಲಿ ಹವಾಯಿ ರಾಜಮನೆತನದ ಮೂವರು ಹುಡುಗರು ಕ್ಯಾಲಿಫೋರ್ನಿಯದ ಬೋರ್ಡಿಂಗ್ ಸ್ಕೂಲಲ್ಲಿ ಓದ್ತಿದ್ದರು. ಆ ಜುಲೈನಲ್ಲಿ ಸಾಂತಾ ಕ್ರೂಜ್ ಊರಿಗೆ ಬಂದವರು ಅಲ್ಲಿನ ಕೆಂಪು ಮರದ ಹಲಗೆ ಮಾಡಿಸಿಕೊಂಡು ನೀರಿಗಿಳಿದರು. ಅಮೆರಿಕದ ನೆಲದಲ್ಲಿ ಸರ್ಫಿಂಗ್ ನಡೆದದ್ದಕ್ಕೆ ಸಿಗೋ ಮೊದಲ ದಾಖಲೆ ಇದೇ. ಜಾಗ ನೆನಪಿಟ್ಕೊಳ್ಳಿ: ಸ್ಯಾನ್ ಲೊರೆಂಜೊ ಅನ್ನೋ ಹೊಳೆ ಕಡಲು ಸೇರೋ ಬಾಯಿ. ಕರಾವಳಿ ಕಡೆಯವರು ಇಂಥ ಜಾಗಕ್ಕೆ 'ಅಳಿವೆ' ಅಂತಾರೆ. ಹೊಳೆ ತಂದ ಮರಳು ಅಲ್ಲಿ ದಿಬ್ಬ ಕಟ್ಟುತ್ತೆ, ದಿಬ್ಬಕ್ಕೆ ಕಾಲು ತಾಗಿದ ಅಲೆ ಎಡವಿ ಮುರಿಯುತ್ತೆ. ಈ ಅಳಿವೆ ಮುಂದೆ ನಮ್ಮ ಕರ್ನಾಟಕದಲ್ಲೂ ಬರುತ್ತೆ.

ಆಮೇಲೆ ಡ್ಯೂಕ್ ಕಹನಮೊಕು. ಡ್ಯೂಕ್ ಅನ್ನೋದು ಪದವಿ ಅಲ್ಲ, ಅವನ ಹೆಸರೇ ಅದು. ಹುಟ್ಟಿದ್ದು 1890ರಲ್ಲಿ, ಮೇಲೆ ಹೇಳಿದ ಜನಗಣತಿಯ ವರ್ಷವೇ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಫ್ರೀಸ್ಟೈಲ್ ಈಜನ್ನ 63.4 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದ. ಈ ನಂಬರ್ ಕೂಡ ಪಕ್ಕಕ್ಕಿಟ್ಕೊಂಡಿರಿ, ಆಮೇಲೆ ಬೇಕಾಗುತ್ತೆ. 1914ರ ಕೊನೆಗೆ ಆಸ್ಟ್ರೇಲಿಯಕ್ಕೆ ಹೋದಾಗ ಅಲ್ಲೇ ಮರದ ಒಂದು ಹಲಗೆ ಕೆತ್ತಿದ. ಸಿಡ್ನಿ ಹತ್ತಿರದ ಫ್ರೆಶ್‌ವಾಟರ್ ಅನ್ನೋ ಕಡಲತೀರದ ಕ್ಲಬ್ಬಿನಲ್ಲಿ ಅದನ್ನ ಇಂದಿಗೂ ಕಾಪಾಡಿಟ್ಟಿದ್ದಾರೆ. 1915ರಲ್ಲಿ ಅವನ ಹಲಗೆ ಮೇಲೆ ಜೊತೆಗೆ ನಿಂತು ಅಲೆ ಏರಿದ ಇಸಬೆಲ್ ಲೆಥಮ್‌ಗೆ ಆಗ 15 ವರ್ಷ. ಆ ಹುಡುಗಿ ದೊಡ್ಡವಳಾಗಿ ಈಜು ಕಲಿಸೋ ಟೀಚರ್ ಆದಳು.

ನನಗೆ ಈ ಇಡೀ ಚರಿತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಅನ್ನಿಸೋ ದಿನ 1925ರ ಜೂನ್ 14. ಕ್ಯಾಲಿಫೋರ್ನಿಯದ ಕೊರೊನ ಡೆಲ್ ಮಾರ್ ಅನ್ನೋ ಜಾಗ. ಬೆಳಗಿನ ಹೊತ್ತು 'ಥೆಲ್ಮ' ಅನ್ನೋ ಮೀನು ದೋಣಿ ದೊಡ್ಡ ಅಲೆಗೆ ಸಿಕ್ಕಿ ಮಗುಚಿತು. ಒಳಗಿದ್ದವರು 29 ಜನ. ಡ್ಯೂಕ್ ಗೆಳೆಯರ ಜೊತೆ ಅದೇ ತೀರದಲ್ಲಿದ್ದ. ಆ ಅಲೆಯಲ್ಲಿ ಬರೀ ಈಜಿಕೊಂಡು ಹೋದವನು ಒಬ್ಬರನ್ನ ಎಳೆದು ತರೋದೇ ಕಷ್ಟ. ಇವನು ಹಲಗೆ ಎತ್ಕೊಂಡು ನೀರಿಗೆ ಬಿದ್ದ. ಮುಳುಗ್ತಿದ್ದವರು ಹಲಗೆ ಹಿಡಿದರು, ಹಲಗೆ ಅವರನ್ನ ತೇಲಿಸಿತು, ದಡಕ್ಕೆ ಬಿಟ್ಟು ಮತ್ತೆ ಹೋದ, ಮತ್ತೆ ಬಂದ. 17 ಜನ ಸತ್ತರು, 12 ಜನ ಬದುಕಿದರು. ಆ 12ರಲ್ಲಿ 8 ಜನರನ್ನ ತಂದವನು ಡ್ಯೂಕ್ ಒಬ್ಬನೇ. ಅಲ್ಲಿಂದಾಚೆ ಜೀವರಕ್ಷಕರ ಕೈಗೆ ಸರ್ಫ್ ಹಲಗೆ ಬಂತು. ರೀಲ್ಸಿನಲ್ಲಿ ನೀವು ನೋಡೋ ಆ ಬಣ್ಣದ ಹಲಗೆ ನೂರು ವರ್ಷದ ಹಿಂದೆ ಹಗ್ಗದ ಹಾಗೆ, ಏಣಿಯ ಹಾಗೆ ಕೆಲಸಕ್ಕೆ ಬಂದ ಸಾಮಾನು.

(ನಡುವೆ ಒಂದು ಗಾಸಿಪ್: ಪತ್ತೇದಾರಿ ಕಾದಂಬರಿಗಳ ಅಗಾಥಾ ಕ್ರಿಸ್ಟಿ 1922ರಲ್ಲಿ ದಕ್ಷಿಣ ಆಫ್ರಿಕದಲ್ಲೂ ಹವಾಯಿಯಲ್ಲೂ ಸರ್ಫಿಂಗ್ ಕಲಿತವರು. ಎದ್ದು ನಿಂತು ಅಲೆ ಏರೋವರೆಗೂ ಬಿಡಲಿಲ್ಲ. ಲೈಬ್ರರಿಯಲ್ಲಿ ಅವರ ಪುಸ್ತಕ ಸಿಕ್ಕಿದಾಗ ನೆನಪಿಸ್ಕೊಳ್ಳಿ.)

ಭಾಗ 4

ನಮ್ಮ ದೇಶಕ್ಕೆ ಅಲೆ ದಾಟೋ ವಿದ್ಯೆ ಹೊಸದು ಅನ್ಕೋಬೇಡಿ. ಹಂಗಳ, ಗೋಪಾಲಸ್ವಾಮಿ ಬೆಟ್ಟದ ಸೀಮೆಯ ನೀರು ಹೊತ್ತ ಗುಂಡ್ಲು ಹೊಳೆ ನಂಜನಗೂಡಿನ ಕಡೆ ಹೋಗಿ ಕಪಿಲೆಗೆ ಸೇರುತ್ತೆ. ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಗೆ, ಕಾವೇರಿ ಪೂರ್ವದ ಕಡಲಿಗೆ. ಆ ಪೂರ್ವ ಕರಾವಳಿಯಲ್ಲೇ ಮದ್ರಾಸ್ ಇದೆ. 19ನೇ ಶತಮಾನದ ಕೊನೆಯ ತನಕ ಮದ್ರಾಸಿಗೆ ಸರಿಯಾದ ಬಂದರೇ ಇರಲಿಲ್ಲ. ಹಡಗು ದೂರದಲ್ಲಿ ಲಂಗರು ಹಾಕೋದು. ಜನ, ಸಾಮಾನು ದಡಕ್ಕೆ ಬರೋದು 'ಮಸೂಲ' ಅನ್ನೋ ದೋಣಿಯಲ್ಲಿ. ಆ ದೋಣಿಗೆ ಮೊಳೆ ಇಲ್ಲ, ಹಲಗೆಗಳನ್ನ ನಾರಿನ ಹಗ್ಗದಲ್ಲಿ ಹೊಲಿದಿರ್ತಾರೆ, ಅಲೆ ಗುದ್ದಿದರೂ ಬಾಗುತ್ತೇ ಹೊರತು ಒಡೆಯಲ್ಲ. ದೋಣಿ ಮಗುಚಿದರೆ ಎತ್ತೋಕೆ ಅಂತ ಅಕ್ಕಪಕ್ಕ ಕಟ್ಟುಮರದವರು. ನಾಲ್ಕು ದಿಮ್ಮಿ ಕಟ್ಟಿದ ಮರದ ಮೇಲೆ ಮಂಡಿಯೂರಿ, ಅಲೆ ಸೀಳಿ ಹೋಗಿ, ಬಿದ್ದವರನ್ನ ಎಳೆದು ತರ್ತಿದ್ದರು. ಇಂಗ್ಲಿಷಿನ 'ಕೆಟಮರಾನ್' ಅನ್ನೋ ಪದವೇ ತಮಿಳಿನ ಕಟ್ಟುಮರದಿಂದ ಹೋದದ್ದು. ಥೆಲ್ಮ ಮಗುಚಿದ ದಿನ ಡ್ಯೂಕ್ ಮಾಡಿದ್ದನ್ನ ಇವರು ದಿನಾ ಸಂಬಳಕ್ಕೆ ಮಾಡ್ತಿದ್ದರು. ಇವರ ಹೆಸರು ಮಾತ್ರ ನಮಗೆ ಯಾವ ಪಾಠದಲ್ಲೂ ಬರಲಿಲ್ಲ.

ಭಾಗ 5

ಈಗ ಕರ್ನಾಟಕ. ಮಂಗಳೂರಿಂದ ಉಡುಪಿ ಕಡೆಗೆ ಹೆದ್ದಾರಿಯಲ್ಲಿ ಸುಮಾರು 30 ಕಿಲೋಮೀಟರ್ ಹೋದ್ರೆ ಮೂಲ್ಕಿ. ಶಾಂಭವಿ, ನಂದಿನಿ ಅನ್ನೋ ಎರಡು ಹೊಳೆ ಒಟ್ಟಿಗೆ ಕಡಲು ಸೇರೋ ಊರು. ಒಂದು ಕಡೆ ಮೂಲ್ಕಿ, ಇನ್ನೊಂದು ಕಡೆ ಸಸಿಹಿತ್ಲು, ನಡುವೆ ಅಳಿವೆ. ಮೊಗವೀರರು ತಲೆತಲಾಂತರದಿಂದ ದೋಣಿಯಲ್ಲಿ ಈ ಅಲೆ ದಾಟಿದವರು.

2004ರಲ್ಲಿ ಇಲ್ಲಿ ಒಂದು ವಿಚಿತ್ರ ಆಶ್ರಮ ಶುರುವಾಯ್ತು. ಜ್ಯಾಕ್ ಹೆಬ್ನರ್ ಅನ್ನೋ ಅಮೆರಿಕದವರು ಇಲ್ಲಿಗೆ ಬಂದು ಸನ್ಯಾಸ ತಗೊಂಡು ಭಕ್ತಿಗೌರವ ನರಸಿಂಘ ಸ್ವಾಮಿ ಆಗಿದ್ದರು. ಹುಡುಗನಾಗಿದ್ದಾಗಿನ ಸರ್ಫಿಂಗ್ ಹುಚ್ಚು ಕಾವಿ ಉಟ್ಟ ಮೇಲೂ ಬಿಡಲಿಲ್ಲ. ಜಗತ್ತಿನ ಸರ್ಫರ್‌ಗಳೆಲ್ಲ ಅವರನ್ನ 'ಸರ್ಫಿಂಗ್ ಸ್ವಾಮಿ' ಅಂತಲೇ ಕರೀತಿದ್ದರು. ಅವರೂ ಶಿಷ್ಯರೂ ಸೇರಿ ಕಟ್ಟಿದ ಮಂತ್ರ ಸರ್ಫ್ ಕ್ಲಬ್ ದೇಶದ ಮೊದಲ ಸರ್ಫ್ ಕ್ಲಬ್ ಅಂತ ಹೆಸರಾಯ್ತು. ಅಲ್ಲಿನ ಒಂದು ಅಲೆಗೆ 'ಬಾಬಾಸ್ ಲೆಫ್ಟ್' ಅಂತ ಹೆಸರಿದೆ, ಸವಾರನ ಎಡಕ್ಕೆ ಮುರಿಯೋ ಅಲೆ ಅದು. ಸ್ವಾಮಿ 2020ರಲ್ಲಿ ತೀರಿಕೊಂಡರು. ಅವರ ಧರ್ಮದ ವಿಚಾರ ನಿಮಗೆ ಬಿಟ್ಟಿದ್ದು. ಚರಿತ್ರೆಗೆ ಮುಖ್ಯ ಆಗೋದು ಊರಿನ ಮಕ್ಕಳಿಗೆ ಹಲಗೆ ಸಿಕ್ಕಿದ್ದು.

ಆಮೇಲಿಂದು ಬೇಗ ಬೇಗ ಆಗಿಹೋಯ್ತು. 2016ರ ಮೇ ತಿಂಗಳಲ್ಲಿ ಸಸಿಹಿತ್ಲಿನಲ್ಲಿ ಮೊದಲ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ. ಮೂಲ್ಕಿಯ ತನ್ವಿ ಜಗದೀಶ್ ಹಲಗೆ ಮೇಲೆ ನಿಂತು ಹುಟ್ಟು ಹಾಕೋ ಸ್ಟ್ಯಾಂಡಪ್ ಪ್ಯಾಡಲಿಂಗ್‌ನಲ್ಲಿ ದೇಶಕ್ಕೇ ಪರಿಚಯ ಆದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸರ್ಫಿಂಗ್ ಮೊದಲ ಸಲ ಸೇರಿತು. 2025ರ ಆಗಸ್ಟಿನಲ್ಲಿ ತಮಿಳುನಾಡಿನ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ರಮೇಶ್ ಬುದಿಹಾಳ್ ಕಂಚು ಗೆದ್ದರು; ಆ ಕೂಟದಲ್ಲಿ ಭಾರತೀಯರೊಬ್ಬರಿಗೆ ವೈಯಕ್ತಿಕ ಪದಕ ಬಂದಿದ್ದು ಅದೇ ಮೊದಲು. ರಮೇಶ್ ಅವರ ಮನೆತನ ಕರ್ನಾಟಕದ್ದು, ಅವರು ಅಲೆ ಕಲಿತದ್ದು ಕೇರಳದ ಕೋವಳಂನಲ್ಲಿ. ಅಂದ್ರೆ ಕಡಲತೀರದ ಮನೆತನದಲ್ಲೇ ಹುಟ್ಟಬೇಕು ಅಂತ ಏನೂ ಇಲ್ಲ.

ಭಾಗ 6 (ಇದೊಂದು ಸೇವ್ ಮಾಡಿಟ್ಕೊಳ್ಳಿ)

ಅಲೆ ಎಲ್ಲಿಂದ ಬರುತ್ತೆ? ದೂರದ ಗಾಳಿಯಿಂದ. ಸಾವಿರಾರು ಕಿಲೋಮೀಟರ್ ಆಚೆ ದಕ್ಷಿಣದ ಸಾಗರದಲ್ಲಿ ಬಿರುಗಾಳಿ ಎದ್ದರೆ ಅದರ ಅಲೆ ದಿನಗಟ್ಟಲೆ ನಡೆದು ನಮ್ಮ ಕರಾವಳಿ ಮುಟ್ಟುತ್ತೆ. ಇಲ್ಲಿ ಗಾಳಿ ಇರಲ್ಲ, ಮೋಡ ಇರಲ್ಲ, ಆದ್ರೂ ಕಡಲು ಏರುತ್ತೆ. ಕೇರಳದ ಮೀನುಗಾರರು ಇದಕ್ಕೆ 'ಕಳ್ಳಕ್ಕಡಲ್' ಅಂತಾರೆ, ಕಳ್ಳನ ಹಾಗೆ ಬರೋ ಕಡಲು. ಹವಾಮಾನದವರೂ ಈಗ ಅದೇ ಪದ ಬಳಸ್ತಾರೆ.

ಅಲೆಯ ಎತ್ತರ ಎಷ್ಟೋ, ಅದರ ಒಂದೂಕಾಲು ಒಂದೂವರೆ ಪಟ್ಟಿನಷ್ಟು ಆಳದ ನೀರಿಗೆ ಬಂದಾಗ ಅಲೆ ಮುರಿಯುತ್ತೆ. ಮುರಿದ ನೀರು ದಡಕ್ಕೆ ನುಗ್ಗುತ್ತೆ. ಒಂದರ ಹಿಂದೆ ಒಂದು ಬರ್ತಾನೇ ಇರುತ್ತೆ. ಹಾಗೆ ಬಂದ ನೀರೆಲ್ಲ ಎಲ್ಲಿಗೆ ಹೋಗಬೇಕು?

ಇಲ್ಲಿ ನಮ್ಮ ಕೆರೆ ನೆನಪಿಸ್ಕೊಳ್ಳಿ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಏರಿ ಉದ್ದಕ್ಕೂ ಹರಿಯಲ್ಲ. ಒಂದೇ ಕಡೆ, ತಗ್ಗಾಗಿರೋ ಕೋಡಿಯಲ್ಲಿ ಹರಿಯುತ್ತೆ. ಕೆರೆ ಮಧ್ಯೆ ನೀರು ಅಲ್ಲಾಡದೆ ನಿಂತಿದ್ರೂ ಕೋಡಿ ಹತ್ತಿರ ಎಮ್ಮೆಯನ್ನೂ ಎಳ್ಕೊಂಡು ಹೋಗುತ್ತೆ. ಕಡಲಲ್ಲೂ ಹಾಗೇ. ಮರಳು ದಿಬ್ಬದ ನಡುವೆ ಎಲ್ಲಿ ತಗ್ಗಿದೆಯೋ ಅಲ್ಲಿ, ದಡದ ಕಡೆಯಿಂದ ಒಳಗಡೆಗೆ ಒಂದು ಹೊಳೆ ಹರಿಯುತ್ತೆ. ಇದೇ ಕಡಲಿನ ಕೋಡಿ. ಪೇಪರಿನವರು 'ಸುಳಿಗೆ ಸಿಲುಕಿ' ಅಂತ ಬರೀತಾರೆ. ಆ ಪದದಿಂದ ಮೋಸ ಹೋಗಬೇಡಿ, ಇದು ತಿರುಗೋ ಸುಳಿ ಅಲ್ಲ, ಕೆಳಕ್ಕೆ ಎಳೆಯಲ್ಲ. ನೇರ ಹರಿದು ಹೋಗೋ ಸೆಳೆತ. ಜನ ಸಾಯೋದು ಅದರ ವಿರುದ್ಧ ಈಜಿ ಸುಸ್ತಾಗಿ.

ಈಗ ಡ್ಯೂಕ್‌ನ ನಂಬರ್ ತೆಗೀರಿ. 63.4 ಸೆಕೆಂಡಿಗೆ 100 ಮೀಟರ್ ಅಂದ್ರೆ ಸೆಕೆಂಡಿಗೆ ಸುಮಾರು 1.6 ಮೀಟರ್. ಜೋರಾದ ಸೆಳೆತದ ವೇಗ ಸೆಕೆಂಡಿಗೆ 2.4 ಮೀಟರ್ ತನಕ ಅಳೆದಿದ್ದಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚೀನಾದ ಪಾನ್ ಝಾನ್ಲೆ 46.40 ಸೆಕೆಂಡಿನ ವಿಶ್ವ ದಾಖಲೆ ಮಾಡಿದರಲ್ಲ, ಅದೂ ಸೆಕೆಂಡಿಗೆ 2.2 ಮೀಟರ್ ಒಳಗೇ. ಅವರೇ ಎದುರು ಈಜಿದರೂ ಹಿಂದಕ್ಕೇ ಹೋಗ್ತಾರೆ. ಇನ್ನು ನಾವು?

ಭಯ ಹುಟ್ಟಿಸೋ ವಿಷಯ ಇನ್ನೊಂದಿದೆ. ಸೆಳೆತ ಇರೋ ಜಾಗದಲ್ಲಿ ತಳ ಆಳ, ಅಲ್ಲಿ ಅಲೆ ಅಷ್ಟಾಗಿ ಮುರಿಯಲ್ಲ. ಅಕ್ಕಪಕ್ಕ ಬಿಳಿ ನೊರೆ, ನಡುವೆ ಕಪ್ಪಗೆ ತಣ್ಣಗಿರೋ ಒಂದು ಓಣಿ. ಗೊತ್ತಿಲ್ಲದವರ ಕಣ್ಣಿಗೆ ಆ ಓಣಿಯೇ ಸೇಫ್ ಆಗಿ ಕಾಣುತ್ತೆ. 'ಇಲ್ಲಿ ಅಲೆ ಇಲ್ಲ, ಇಲ್ಲೇ ಇಳಿಯೋಣ ಬನ್ರೋ' ಅಂತ ಫ್ರೆಂಡ್ಸ್‌ನ ಕರೆಯೋದೂ ಅಲ್ಲಿಗೇ. ಸರ್ಫರ್‌ಗಳು ಅದೇ ಓಣಿ ಹುಡುಕ್ತಾರೆ, ಹಲಗೆ ಮೇಲೆ ಮಲಗಿ ಪುಕ್ಕಟೆ ಲಿಫ್ಟ್ ತಗೊಂಡು ಅಲೆ ಮುರಿಯೋ ಜಾಗದ ಆಚೆಗೆ ಹೋಗ್ತಾರೆ. ಮದ್ರಾಸಿನ ಕಟ್ಟುಮರದವರಿಗೆ, ಡ್ಯೂಕ್‌ಗೆ, ಮೊಗವೀರರಿಗೆ ಇದೆಲ್ಲ ಅ ಆ ಇ ಈ.

ಸಿಕ್ಕಿಹಾಕಿಕೊಂಡರೆ: ದಡದ ಕಡೆ ಈಜಬೇಡಿ. ಬೆನ್ನ ಮೇಲೆ ತೇಲಿ, ಕೈ ಎತ್ತಿ, ಕೂಗಿ. ಶಕ್ತಿ ಇದ್ದರೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ; ಓಣಿ ಅಗಲ ಕಮ್ಮಿ, ಆಚೆ ಬಿಳಿ ನೊರೆ ಸಿಕ್ಕಿದರೆ ಅದೇ ನಿಮ್ಮನ್ನ ದಡಕ್ಕೆ ತಳ್ಳುತ್ತೆ. ಗೆಳೆಯ ಸಿಕ್ಕಿಬಿದ್ದರೆ ಕೈ ಕೈ ಹಿಡ್ಕೊಂಡು ಸಾಲಾಗಿ ಇಳೀಬೇಡಿ. ಲೈಫ್‌ಗಾರ್ಡ್‌ನ ಕೂಗಿ, ತೇಲೋ ವಸ್ತು ಏನಾದ್ರೂ ಎಸೀರಿ, ಖಾಲಿ ನೀರಿನ ಕ್ಯಾನ್ ಆದ್ರೂ ಸರಿ.

ಭಾಗ 7

ಕಲಿಯೋಕೆ ಹೋದ್ರೆ ಮೊದಲ ದಿನ ಏನಾಗುತ್ತೆ ಅಂತ ಹೇಳಿಬಿಡ್ತೀನಿ, ಜಂಬದ ಕನಸು ಬೇಡ. ಮೊದಲ ಅರ್ಧ ಗಂಟೆ ಮರಳಲ್ಲೇ. ಹಲಗೆ ಮೇಲೆ ಹೊಟ್ಟೆ ಹಾಕಿ ಮಲಗು, ಕೈ ಊರು, ಒಂದೇ ಸಲಕ್ಕೆ ಎದ್ದು ಪಕ್ಕಕ್ಕೆ ತಿರುಗಿ ನಿಲ್ಲು. ಹತ್ತು ಸಲ, ಇಪ್ಪತ್ತು ಸಲ. ಎಡಗಾಲು ಮುಂದಿದ್ದರೆ 'ರೆಗ್ಯುಲರ್', ಬಲಗಾಲು ಮುಂದಿದ್ದರೆ 'ಗೂಫಿ'. ಆಮೇಲೆ ಸೊಂಟ ಮಟ್ಟದ ನೀರು, ಆಗಲೇ ಮುರಿದು ಬರ್ತಿರೋ ಬಿಳಿ ನೊರೆ. ಹೊಸಬರ ಹಲಗೆ ಉದ್ದ, ಎಂಟೊಂಬತ್ತು ಅಡಿ, ಮೇಲೆ ಮೆತ್ತನೆ ಫೋಮ್. ಕಾಲಿಗೆ ಹಗ್ಗ ಕಟ್ಟಿರ್ತಾರೆ. ಹಲಗೆಯನ್ನ ನಿಮ್ಮ ಮತ್ತು ಬರೋ ಅಲೆಯ ನಡುವೆ ಇಟ್ಕೋಬೇಡಿ, ಮುಖಕ್ಕೇ ಬಡಿಯುತ್ತೆ. ಬೀಳುವಾಗ ತಲೆ ಕೆಳಗಾಗಿ ಬೀಳದೆ ಅಡ್ಡಡ್ಡ ಬಿದ್ದು, ತಲೆ ಮೇಲೆ ಕೈ. ಮೂಗಲ್ಲಿ ಉಪ್ಪುನೀರು ಗ್ಯಾರಂಟಿ.

ಕಾಲ: ಮಳೆ ಹಿಂದಾದ ಮೇಲೆ, ಅಕ್ಟೋಬರ್‌ನಿಂದ ಬೇಸಿಗೆಯ ತನಕ ಅಲೆ ಸಣ್ಣದು, ಹೊಸಬರಿಗೆ ಸರಿ. ಸ್ಪರ್ಧೆ ನಡೆಯೋ ಮೇ ಕೊನೆಗೆ ಕಡಲು ದೊಡ್ಡದಾಗ್ತಿರುತ್ತೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ. ಆಗ ಕಡಲೂ ಕೆರಳಿರುತ್ತೆ, ಸಸಿಹಿತ್ಲಿನ ದಂಡೆಯನ್ನೇ ಕಡಲ್ಕೊರೆತ ತಿನ್ನುತ್ತೆ. ನಾವು ಬೀಚ್ ಟ್ರಿಪ್ ಪ್ಲಾನ್ ಮಾಡೋದೂ ಆ 'ಮಳೆ ವೈಬ್' ನೋಡೇ ಅಲ್ವಾ!

ಇದೆಲ್ಲಕ್ಕೂ ಮುಂಚೆ ಈಜು ಬರಬೇಕು, ಮತ್ತೆ ನಮ್ಮೂರಿನ ಕಷ್ಟ ಇರೋದೇ ಅಲ್ಲಿ. ನಮ್ಮ ತಾತಂದಿರು ಬೆನ್ನಿಗೆ ಒಣಗಿದ ಸೋರೆಬುರುಡೆ ಇಲ್ಲಾ ಬೆಂಡು ಕಟ್ಕೊಂಡು ತೋಟದ ಬಾವಿಯಲ್ಲಿ ಕಲಿತರು. ಮೇಲೆ ನಿಂತ ದೊಡ್ಡಣ್ಣ ಹಗ್ಗ ಹಿಡಿದಿರ್ತಿದ್ದ. ಸರ್ಫಿಂಗ್ ಸ್ಕೂಲಿನ ಫೋಮ್ ಹಲಗೆ, ಕಾಲಿನ ಹಗ್ಗ, ಪಕ್ಕದಲ್ಲಿ ನಿಂತ ಮೇಷ್ಟ್ರು: ಅದೇ ಪಾಠ, ಅದೇ ಸಾಮಾನು. ಬೋರ್‌ವೆಲ್ ಬಂತು, ಬಾವಿ ಬತ್ತಿತು, ಹಾಳು ಬಾವಿಗೆ ಕಸ ಬಿತ್ತು. ಬಾವಿ ಜೊತೆ ಈಜೂ ಹೋಯ್ತು. ಹವಾಯಿಯಲ್ಲಿ ಕಾಯಿಲೆ ಮತ್ತು ಕಬ್ಬಿನ ತೋಟ ಮಾಡಿದ್ದನ್ನ ನಮ್ಮಲ್ಲಿ ಅಂತರ್ಜಲ ಮಾಡಿದೆ. ಟೂರ್ ಬಸ್ ಮಾತ್ರ ಪ್ರತಿ ಡಿಸೆಂಬರ್ ಕಡಲಿಗೆ ಹೋಗ್ತಾನೇ ಇದೆ.

ಅದಕ್ಕೇ ಒಂದು ಲೆಕ್ಕ ಬೇಕಾಗಿದೆ. ನಮ್ಮ ಕ್ಲಾಸಲ್ಲಿ, ನಿಮ್ಮ ಊರಲ್ಲಿ ಈಜು ಬರೋರು ಎಷ್ಟು ಜನ, ಎಲ್ಲಿ ಕಲಿತ್ರಿ: ಬಾವಿಯಾ, ಕೆರೆಯಾ, ಕಾಲುವೆಯಾ, ಮೈಸೂರಿನ ಪೂಲಾ, ಯಾರು ಕಲಿಸಿದ್ರು? ಕೆಳಗೆ ಬರೀರಿ. ಗುಂಡ್ಲುಪೇಟೆ, ಚಾಮರಾಜನಗರದ ಸುತ್ತ ಇನ್ನೂ ನೀರಿರೋ ಬಾವಿ ಗೊತ್ತಿದ್ರೆ ಫೋಟೋ ಕಳಿಸಿ. ಮುಂದಿನ ಸರಣಿ ಆ ಬಾವಿಗಳದ್ದೇ.

#ಗುಂಡ್ಲುಪೇಟೆ #ಚಾಮರಾಜನಗರ #ಮೂಲ್ಕಿ #ಸಸಿಹಿತ್ಲು #ಕಡಲಕೋಡಿ